ಕೊನೆಯ ಟ್ರೇಗೆ ಹದಿನಾರು ನಿಮಿಷ

ಮನೆಯಿಂದ
ಬುಧವಾರ, ಹತ್ತೊಂಬತ್ತನೇ ತಾರೀಕು
ಮಧ್ಯಾಹ್ನ ಮೂರೂವರೆ

ಪ್ರೀತಿಯ ಗುಬ್ಬಿ,

ನಿನ್ನನ್ನು ಹೀಗೆ ಕರೆಯುತ್ತಿದ್ದವನು ನನ್ನ ಮಗನೊಬ್ಬನೇ. ಅವನು ಹೋಗಿ ಹದಿನಾಲ್ಕು ತಿಂಗಳಾಯಿತು. ಆ ಹೆಸರು ಕರೆಯುವವರಿಲ್ಲದೆ ಮನೆಯಲ್ಲಿ ಸುಮ್ಮನೆ ಬಿದ್ದಿತ್ತು, ಇವತ್ತು ನಾನು ಎತ್ತಿಕೊಂಡಿದ್ದೇನೆ. ಅತ್ತೆಯಾದವಳು ಸೊಸೆಯನ್ನು ಹೀಗೆ ಕರೆಯಬಹುದೋ ಇಲ್ಲವೋ ತಿಳಿಯದು. ಬೇಡವೆನಿಸಿದರೆ ಹೇಳು, ಬಿಟ್ಟುಬಿಡುತ್ತೇನೆ.

ಮೊದಲು ನಿನ್ನ ಕೈ ಹೇಗಿದೆ? ಹೋಟೆಲಿನ ದೊಡ್ಡ ಓವನ್ನಿನ ಬಾಗಿಲು ತಾಗಿ ಮಣಿಕಟ್ಟು ಸುಟ್ಟುಕೊಂಡೆ ಎಂದು ಬರೆದಿದ್ದೆ. ಗುಳ್ಳೆಯನ್ನು ಒಡೆಯಬೇಡ, ಅದು ತಾನಾಗಿಯೇ ಒಣಗಲಿ. ಬೆಳಗಿನ ಪಾಳಿಗೆ ನಾಲ್ಕು ಗಂಟೆಗೇ ಏಳುತ್ತೀಯಂತೆ, ರಾತ್ರಿ ಬೇಗ ಮಲಗುತ್ತೀಯಾ? ಹೊಟ್ಟೆ ತುಂಬ ತಿನ್ನುತ್ತೀಯಾ, ಇಲ್ಲಿ ಮಾಡುತ್ತಿದ್ದ ಹಾಗೆ ಎಲ್ಲರಿಗೂ ಕೊಟ್ಟು ಕಡೆಗೆ ಬಟ್ಟಲು ಕೆರೆದುಕೊಂಡು ಎದ್ದುಬಿಡುತ್ತೀಯಾ? ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಇಳಿಯುವಾಗ ತಾನೂ ಇದ್ದೇನೆಂದು ನೆನಪಿಸುತ್ತದೆ.

ಇವತ್ತು ಬೆಳಿಗ್ಗೆ ಆರಕ್ಕೆ ಓವನ್ ಹಾಕಿದೆ. ಶುಂಠಿ ಬಿಸ್ಕತ್ತು ಎರಡು ಟ್ರೇ, ಬೆಣ್ಣೆಯದು ಒಂದು, ಹೊಸದಾಗಿ ಕಲಿತ ಓಟ್ಸು-ಖರ್ಜೂರದ್ದು ಒಂದು. ಹನ್ನೊಂದಕ್ಕೆ ಮೂಲೆಯ ಚಹಾದಂಗಡಿಯವನಿಗೆ ಡಬ್ಬಿ ಕೊಡಲು ಹೋದೆ. ಅವನು ಮುಚ್ಚಳ ತೆಗೆದು, ಒಂದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, “ಏನಮ್ಮಾ, ಇವತ್ತು ಬಿಸ್ಕತ್ತಿಗೆಲ್ಲಾ ಸ್ನಾನ ಮಾಡ್ಸಿ ತಂದಿದೀರಾ? ಬೆಳ್ಳಗಾಗ್ಬಿಟ್ಟಿದಾವೆ!” ಎಂದ. ಅಲ್ಲಿದ್ದವರೆಲ್ಲ ನಕ್ಕರು. ನಾನು ಖಾಲಿ ಡಬ್ಬಿ ತೆಗೆದುಕೊಂಡು ಬೇಗ ಬೇಗ ಮನೆಗೆ ಬಂದೆ. ಕೈ ತೊಳೆದು ಈ ಕಾಗದಕ್ಕೆ ಕುಳಿತೆ. ಅಷ್ಟರಲ್ಲಿ ಮೂರು ಗಂಟೆ ಹೇಗೆ ಆಯಿತೋ ಗೊತ್ತಾಗಲಿಲ್ಲ, ಮೇಲಿನ ನಾಲ್ಕು ಸಾಲು ಬರೆದು ಹರಿದು ಬರೆದು ಹರಿದು ಹೊತ್ತು ಹೋಯಿತು.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ನಮ್ಮ ಪೊಟ್ಟಣಗಳಿಗೆ ಚೀಟಿ ಅಚ್ಚು ಹಾಕಿಕೊಡುವ ಪ್ರೆಸ್ಸಿನವನು, ನಿನಗೆ ಪ್ರತಿ ವಾರ ಬರೆಯುತ್ತಿದ್ದವನು, ಐದು ವಾರದಿಂದ ಒಂದು ಸಾಲೂ ಬರೆದಿಲ್ಲ ಎಂದು ಹೇಳಿದ್ದೀಯ. ಮದುವೆಯ ಮಾತು ತೆಗೆದವರು ಅವರೇ, ಈಗ ಸುಮ್ಮನಾದವರೂ ಅವರೇ, ನಾನಾಗಿ ಹೇಗೆ ಕೇಳಲಿ ಅತ್ತೆ, ಮನಸ್ಸು ಬದಲಾಗಿದ್ದರೆ ನಾನು ಈ ತಿಂಗಳ ಕೊನೆಗೆ ಹೋಟೆಲಿನವರ ಕರಾರಿಗೆ ಸಹಿ ಹಾಕಿ ಇನ್ನು ಮೂರು ವರ್ಷ ಇಲ್ಲೇ ಇದ್ದುಬಿಡುತ್ತೇನೆ, ನಿಮಗೇನಾದರೂ ಗೊತ್ತೇ ಎಂದು ಕೇಳಿದ್ದೀಯ. ಭಾನುವಾರ ಫೋನಿನಲ್ಲೂ ಕೇಳಿದೆ. ಓವನ್ನಿನಲ್ಲಿ ಟ್ರೇ ಇದೆ, ಸೀದುಹೋಗುತ್ತದೆ ಎಂದು ಇಟ್ಟುಬಿಟ್ಟೆ. ಓವನ್ನಿನಲ್ಲಿ ಏನೂ ಇರಲಿಲ್ಲ. ಫೋನಿನಲ್ಲಿ ನನಗೆ ಸುಳ್ಳು ಬೇಗ ಬಾಯಿಗೆ ಬರುತ್ತದೆ. ಕಾಗದದಲ್ಲಿ ಹಾಗಾಗುವುದಿಲ್ಲವೆಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಪ್ರಶ್ನೆಗೆ ಬರುತ್ತೇನೆ, ಸ್ವಲ್ಪ ತಾಳು. ಅದಕ್ಕೆ ಮೊದಲು ಬಿಸ್ಕತ್ತಿನ ವಿಷಯ ಹೇಳದಿದ್ದರೆ ಅದು ಸರಿಯಾಗಿ ಅರ್ಥವಾಗುವುದಿಲ್ಲ.

ಆರು ತಿಂಗಳ ಹಿಂದೆ ನೀನು ಹೋಟೆಲಿನ ಕೆಲಸಕ್ಕೆ ಹೊರಟಾಗ, ಗಿರಾಕಿಗಳನ್ನು ಬಿಟ್ಟುಬಿಡಿ ಅತ್ತೆ, ನಿಮ್ಮ ಕೈಲಾಗದು ಅಂದಿದ್ದೆ. ನಾನು ಬಿಡಲಿಲ್ಲ. ಮನೆಯಲ್ಲಿ ಬೇರೇನು ಸದ್ದಿತ್ತು ಹೇಳು? ಅಲಮಾರಿಯ ಬಾಗಿಲ ಒಳಬದಿಗೆ ನೀನು ಅಂಟಿಸಿದ್ದ ಹಾಳೆಯೇ ನನಗೆ ಗುರು. ಶುಂಠಿಗೆ ಹದಿನಾರು ನಿಮಿಷ, ಬೆಣ್ಣೆಯದಕ್ಕೆ ಹದಿನೆಂಟು, ಎಳ್ಳಿನದಕ್ಕೆ ಹದಿನೈದು. ನಾನು ಓದಿದ್ದು ಏಳನೇ ತರಗತಿ, ಆದರೆ ಬರೆದದ್ದನ್ನು ಬರೆದ ಹಾಗೆ ಮಾಡುವುದರಲ್ಲಿ ನನ್ನನ್ನು ಯಾರೂ ಮೀರಿಸಲಾರರು. ಹದಿನಾರು ಅಂದರೆ ಹದಿನಾರು. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೂ ಪ್ರತಿಯೊಂದು ಟ್ರೇಯೂ ಅಂಚು ಕಪ್ಪಾಗಿ, ತಳ ಕಂದಾಗಿ ಬಂತು. ಚಹಾದಂಗಡಿಯವನು ಮೊದಮೊದಲು ಮರ್ಯಾದೆಗೆ ಸುಮ್ಮನಿದ್ದ. ಆಮೇಲೆ, “ನಿಮ್ಮ ಸೊಸೆ ಮಾಡ್ತಿದ್ದ ಬಣ್ಣ ಬರ್ಲಿಲ್ಲ ಬಿಡಿ. ಅದ್ದಿದ್ರೆ ಚಹಾನೇ ಕಪ್ಪಾಗುತ್ತೆ” ಎಂದ. ಓವನ್ ಕೆಟ್ಟಿದೆಯೆಂದು ರಿಪೇರಿಯವನನ್ನು ಕರೆಸಿದೆ. ಅವನು ಒಳಗೆ ಉಷ್ಣಮಾಪಕ ಇಟ್ಟು ಅರ್ಧ ಗಂಟೆ ನೋಡಿ, “ಓವನ್ ಚಿನ್ನದ ಹಾಗಿದೆ ತಾಯಿ, ನಿಮ್ಮ ಗಡಿಯಾರ ತೋರ್ಸಿ” ಎಂದ. ಗಡಿಯಾರವೂ ಸರಿಯಿತ್ತು. ನಿನ್ನ ಬಿಸ್ಕತ್ತುಗಳಿಗೆ ನನ್ನ ಕೈ ಒಗ್ಗುತ್ತಿಲ್ಲ, ಅವುಗಳಿಗೂ ನನ್ನ ಮೇಲೆ ಮುನಿಸು ಅಂದುಕೊಂಡೆ.

ಹಾಗಾಗಿ ಹೊಸದು ಕಲಿಯಲು ಹೊರಟೆ. ಹಳೆಯ ವಾರಪತ್ರಿಕೆಗಳಿಂದ ಕತ್ತರಿಸಿದ್ದು, ಮೇಲಿನ ಮನೆಯ ನಿವೃತ್ತ ಟೀಚರು ಫೋನಿನಲ್ಲಿ ನೋಡಿ ಓದಿ ಹೇಳಿದ್ದು, ಎಲ್ಲ ಮಾಡಿದೆ. ಕಿತ್ತಳೆ ಸಿಪ್ಪೆಯ ಬಿಸ್ಕತ್ತು ಕಹಿಯಾಯಿತು, ಸಿಪ್ಪೆಯ ಒಳಗಿನ ಬಿಳಿಯನ್ನು ಕೆರೆಯಬೇಕೆಂದು ಯಾರೂ ಬರೆದಿರಲಿಲ್ಲ. ಸಕ್ಕರೆ ಕರಗಿಸಿ ಹಾಕುವ ಕಸ್ಟರ್ಡು ನಾಲ್ಕು ಸಲವೂ ಗಟ್ಟಿಯಾಗದೆ ಬಟ್ಟಲಲ್ಲಿ ತುಳುಕಾಡಿತು. ಟೀಚರಿಗೆ ಅಭ್ಯಾಸಬಲ, ಚಮಚ ನೆಕ್ಕಿ ಅಂಕ ಹಾಕುತ್ತಾರೆ. ಕಸ್ಟರ್ಡಿಗೆ, “ನೂರಕ್ಕೆ ಮೂವತ್ತೈದು. ವಯಸ್ಸು ನೋಡಿ ಪಾಸು ಮಾಡಿದೀನಿ, ಕುಣೀಬೇಡಿ” ಎಂದರು. ಕಾಫಿ ಹಾಕಿದ ಕೇಕಿಗೆ ಅರವತ್ತು. ಓಟ್ಸು-ಖರ್ಜೂರದ್ದಕ್ಕೆ ಎಪ್ಪತ್ತೆರಡು, ಇದುವರೆಗಿನ ದಾಖಲೆ. ಹೊಸದೆಲ್ಲ ಒಂದಷ್ಟು ಕೈಹಿಡಿಯಿತು, ನಿನ್ನವು ಮಾತ್ರ ಸೀಯುತ್ತಲೇ ಇದ್ದವು. ಏಕೆಂದರೆ ಹೊಸದರ ಮುಂದೆ ಭಯದಿಂದ ಕಣ್ಣಿಟ್ಟು ಕೂರುತ್ತಿದ್ದೆ. ನಿನ್ನವನ್ನು ಹಾಳೆಗೆ ಒಪ್ಪಿಸಿ, ಅಲಾರಾಂ ಇಟ್ಟು, ಆಚೆ ಹೋಗುತ್ತಿದ್ದೆ.

ಮೊನ್ನೆ ಸೋಮವಾರ ಅಲಾರಾಂ ಗಡಿಯಾರದ ಬ್ಯಾಟರಿ ಮುಗಿದಿತ್ತು. ಶುಂಠಿಯದು ಒಳಗಿಟ್ಟಾಗಿತ್ತು. ಬೇರೆ ದಾರಿಯಿಲ್ಲದೆ ನಿನ್ನ ಗಿಡ್ಡ ಸ್ಟೂಲನ್ನು ಎಳೆದುಕೊಂಡು ಓವನ್ನಿನ ಮುಂದೆ ಕುಳಿತೆ, ನೀನು ಕೂರುತ್ತಿದ್ದ ಹಾಗೆ. ಗಾಜಿನಾಚೆ ಬಿಸ್ಕತ್ತು ಉಬ್ಬಿತು, ಮೆಲ್ಲಗೆ ತಗ್ಗಿತು, ಅಂಚು ಜೇನಿನ ಬಣ್ಣಕ್ಕೆ ತಿರುಗಿತು, ಘಮ್ಮೆಂದಿತು. ಆಗ ನೆನಪಾಯಿತು. ನೀನು ಗಿರಾಕಿಗಳ ಟ್ರೇಗೆ ಯಾವತ್ತೂ ಗಡಿಯಾರ ನೋಡಿದವಳಲ್ಲ. ಮಾತಾಡುತ್ತ ಮಾತಾಡುತ್ತ ಮೂಗರಳಿಸಿ, ನನ್ನ ಮಾತು ಅರ್ಧಕ್ಕೇ ಬಿಟ್ಟು ಎದ್ದು ಹೋಗಿ ತೆಗೆಯುತ್ತಿದ್ದೆ. ನನ್ನ ಮಾತಿಗೆ ಬೆಲೆಯಿಲ್ಲವೆಂದು ನನಗೆ ಅದು ಚುಚ್ಚುತ್ತಿತ್ತು ಕೂಡ. ಅಲಾರಾಂ ಇಡುತ್ತಿದ್ದದ್ದು ಕಟ್ಟಕಡೆಯ ಒಂದು ಸಣ್ಣ ಟ್ರೇಗೆ ಮಾತ್ರ. ಅದು ಇವನದು, ನನ್ನ ಮಗನದು. ಬಸ್ಸಿನ ಗ್ಯಾರೇಜಿನಿಂದ ಬಂದವನು ಕೈಯ ಗ್ರೀಸು ಸರಿಯಾಗಿ ತೊಳೆಯದೆ ಅಡುಗೆಮನೆ ಬಾಗಿಲಲ್ಲಿ ನಿಂತು, “ಗುಬ್ಬೀ, ಸ್ವಲ್ಪ ಕೋಪ ಬಂದಿರೋ ಬಿಸ್ಕತ್ತು ಕೊಡೇ” ಅನ್ನುತ್ತಿದ್ದನಲ್ಲ, ಆ ಟ್ರೇ. ಹದವಾದಾಗ ನಿನ್ನ ಕೈ ತಾನಾಗಿ ಬಾಗಿಲಿಗೆ ಹೋಗುತ್ತಿತ್ತು, ಅದಕ್ಕೇ ನೀನು ಅಲ್ಲಿ ನಿಲ್ಲದೆ ಬಟ್ಟೆ ಒಣಹಾಕಲು ಹೋಗುತ್ತಿದ್ದೆ. ಸರಿಯಾಗಿ ಬೇಯಿಸಲು ನಿನಗೆ ಗಡಿಯಾರ ಬೇಕಿರಲಿಲ್ಲ. ಅವನಿಗೆ ಇಷ್ಟವಾಗುವಷ್ಟು ಕೆಡಿಸಲು ಬೇಕಾಗಿತ್ತು. ಹಾಳೆಯ ಮೇಲಿದ್ದದ್ದು ಬಿಸ್ಕತ್ತಿನ ಸಮಯವಲ್ಲ, ಅವನ ಸಮಯ.

ಆರು ತಿಂಗಳು ನಾನು ಊರಿನವರಿಗೆಲ್ಲ ನನ್ನ ಮಗನ ಬಿಸ್ಕತ್ತು ತಿನ್ನಿಸಿದ್ದೇನೆ.

ಟ್ರೇ ತೆಗೆದಿಟ್ಟು ನೆಲದ ಮೇಲೆ ಕುಳಿತೆ. ಅಳು ಬಂತು, ಬರಲಿ ಎಂದು ಬಿಟ್ಟೆ. ಇನ್ನೊಂದು ವಿಷಯವೂ ತಲೆಗೆ ಹೋಯಿತು. ಅವನು ಒಂಬತ್ತು ದಿನದ ಜ್ವರದಲ್ಲಿ ಹೋದ ಮೇಲೆ ನೀನು ಎಂಟು ತಿಂಗಳು ಇದೇ ಮನೆಯಲ್ಲಿ ಬೇಯಿಸಿದೆ. ಆ ಎಂಟು ತಿಂಗಳಲ್ಲಿ ಒಂದು ದಿನವೂ ಅಲಾರಾಂ ಹೊಡೆಯಲಿಲ್ಲ. ಹೊಡೆಯಲಿಲ್ಲ ಎನ್ನುವುದನ್ನು ನಾನು ಕೇಳಿಸಿಕೊಳ್ಳಲೇ ಇಲ್ಲ. ನನಗೆ ಕಂಡದ್ದು ನಿನ್ನ ಒಣಗಿದ ಕಣ್ಣು ಮಾತ್ರ. “ನೋಡಿ, ಗಂಡ ಸತ್ತು ತಿಂಗಳಾಗಿಲ್ಲ, ಟ್ರೇ ಮೇಲೆ ಟ್ರೇ ಹಾಕ್ತಾಳೆ, ಒಂದು ಹನಿ ನೀರಿಲ್ಲ” ಎಂದು ಟೀಚರ ಹತ್ತಿರ ಆಡಿದ್ದೆ. ಅವರು ಎದ್ದು ಕಿಟಕಿ ಮುಚ್ಚಿದ್ದರು. ನಿನಗೆ ಅದು ಕೇಳಿಸಿತ್ತೋ ಏನೋ. ಕೇಳಿಸಿದ್ದರಿಂದಲೇ ಅಷ್ಟು ದೂರದ ಕೆಲಸ ಹಿಡಿದೆಯೋ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಕ್ಷಮಿಸು ಎಂದು ಬರೆಯುವುದು ಸುಲಭ, ಅದಕ್ಕೇ ಬರೆಯಲು ನಾಚಿಕೆ. ನಿನ್ನೆ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಹನ್ನೆರಡು, ಹದಿಮೂರು, ಹನ್ನೊಂದು ಎಂದು ಪಕ್ಕದಲ್ಲಿ ಬರೆದುಕೊಂಡೆ. ನಿನ್ನ ಅಂಕಿಗಳನ್ನು ಹೊಡೆದುಹಾಕಲಿಲ್ಲ.

ಪ್ರೆಸ್ಸಿನವನ ವಿಷಯ. ಅವನು ಇಲ್ಲಿಗೆ ಬಂದಿದ್ದ, ನಿನಗೆ ಹೇಳಿರಲಿಲ್ಲ. ಆರೇಳು ವಾರದ ಹಿಂದೆ, ಮಧ್ಯಾಹ್ನ, ಚೀಟಿಯ ಕಟ್ಟು ಕೊಡುವ ನೆಪದಲ್ಲಿ. ಕುರ್ಚಿಯ ತುದಿಯಲ್ಲಿ, ಯಾರೋ ಈಗಲೇ ಎಬ್ಬಿಸುತ್ತಾರೆ ಎನ್ನುವ ಹಾಗೆ ಕುಳಿತ. ಉಗುರಿನಲ್ಲಿ ಮಸಿ. ಕರಕಲು ಬಿಸ್ಕತ್ತು ಮೂರು ಕೊಟ್ಟೆ, ಮೂರನ್ನೂ ಮುಗಿಸಿ ಎರಡು ಲೋಟ ನೀರು ಕುಡಿದು, “ಚೆನ್ನಾಗಿದೆ ಅಮ್ಮಾ” ಎಂದ. ಸುಳ್ಳು ಹೇಳಲು ಬಾರದವನು ಕಷ್ಟಪಟ್ಟು ಹೇಳಿದ ಸುಳ್ಳು ಅದು. ನನ್ನ ಮಗನ ಹಾಗೆ ನಗಿಸುವವನಲ್ಲ, ಜೋರಾಗಿ ಬಾಗಿಲು ತಳ್ಳಿಕೊಂಡು ಬರುವವನಲ್ಲ. ಹೋಗುವಾಗ ಹೊಸ್ತಿಲ ಹತ್ತಿರ ಸರಿದಿದ್ದ ಕಾಲೊರಸನ್ನು ಬಗ್ಗಿ ನೇರ ಮಾಡಿ ಹೋದ. ಒಳ್ಳೆಯ ಮನುಷ್ಯ. ಅದನ್ನು ಅವತ್ತೇ ಕಂಡಿದ್ದೆ, ಕಂಡದ್ದರಿಂದಲೇ ಹೆದರಿದ್ದೆ.

ನಿನಗೆ ಮೂವತ್ತೊಂದು ವರ್ಷ. ಮದುವೆಯಾಗು. ಇದು ನನ್ನ ಮಾತು, ಯಾರೂ ಹೇಳಿಕೊಟ್ಟದ್ದಲ್ಲ. ಮುಂದಿನ ಮನೆಯಲ್ಲಿ ನಿನ್ನ ಬಟ್ಟಲು ಮೊದಲು ತುಂಬಲಿ. ಟೀಚರು ನೆನಪು ತಿಳಿಸಿದ್ದಾರೆ, ಕಸ್ಟರ್ಡಿನ ಗುಟ್ಟೇನಾದರೂ ಇದ್ದರೆ ಬೇಗ ಬರೆಯಬೇಕಂತೆ, ಅವರ ನಾಲಿಗೆ ಇನ್ನು ತಡೆಯಲಾರದಂತೆ. ಕೈ ಜೋಪಾನ.

ನಿನ್ನ ಒಳಿತನ್ನೇ ಬಯಸುವ, ಬಯಸಲು ತಡಮಾಡಿದ,
ಅತ್ತೆ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ, ಅಂಚು ಹರಿದಿದ್ದಕ್ಕೆ ಬೇಸರಪಡಬೇಡ. ಅವನು ಅವತ್ತು ನನ್ನ ಒಪ್ಪಿಗೆ ಕೇಳಲು ಬಂದಿದ್ದ. “ಅವಳ ಮನಸ್ಸಲ್ಲಿ ಅಂಥದ್ದೇನೂ ಇಲ್ಲಪ್ಪ. ನಿಂಗೆ ಹೇಳೋಕೆ ಸಂಕೋಚ ಅವಳಿಗೆ. ಕಾಗದ ಬರೆಯೋದು ನಿಲ್ಸಿಬಿಡು, ಅವಳಿಗೂ ನೆಮ್ಮದಿ” ಎಂದು ನಾನು ಹೇಳಿದೆ. ನೀನು ಹೇಳಿಕಳಿಸಿದ ಮಾತೆಂದು ಹೇಳಿದೆ. ಅವನು “ಆಯ್ತಮ್ಮಾ” ಎಂದು ಎದ್ದು ಹೊರಟ. ಅವನ ಮನಸ್ಸು ಬದಲಾಗಿಲ್ಲ ಮಗಳೇ, ಬದಲಾಯಿಸಿದ್ದು ನಾನು. ನೀನೂ ಹೋದರೆ ನನ್ನ ಮಗನ ಬಗ್ಗೆ ಮಾತಾಡಲು ನನಗೆ ಯಾರೂ ಉಳಿಯುವುದಿಲ್ಲ ಎಂಬ ಹೆದರಿಕೆಯಲ್ಲಿ ಹಾಗೆ ಮಾಡಿದೆ. ಹೋಟೆಲಿನವರ ಕರಾರಿಗೆ ಸಹಿ ಹಾಕಬೇಡ. ಈ ಕಾಗದ ನಿನ್ನ ಕೈಗೆ ಬರಲು ಐದು ದಿನ ಬೇಕು, ಅಷ್ಟರೊಳಗೆ ನಾನು ಅವನ ಎದುರು ನಿಂತು ಇದನ್ನೆಲ್ಲ ಹೇಳಿರುತ್ತೇನೆ. ಅವನು ಏನಂದರೂ ನಿನಗೆ ಬರೆಯುತ್ತೇನೆ, ಬೈದರೂ ಬರೆಯುತ್ತೇನೆ. ನಾಳೆ ಗುರುವಾರ. ಪ್ರೆಸ್ಸು ಒಂಬತ್ತು ಗಂಟೆಗೆ ತೆರೆಯುತ್ತದೆ.