ಹೆಸರಿನ ಪಕ್ಕ ಬರೆದದ್ದು

ನಮ್ಮಕ್ಕನಿಗೆ,

ಯಾರ ಹತ್ರ ಹೇಳ್ಕೊಂಡ್ರೂ "ಸಿಸ್ಟಮ್ಮೇ ಹಂಗೆ, ಬುಡಮ್ಮ" ಅಂತಾರೆ. ಅದಕ್ಕೇ ನಿನಗೆ ಬರೀತಿದೀನಿ. ಜಗಳ ಆಡಿ ಆಡಿ ಗಂಟಲು ಕಟ್ಟಿದೆ ಕಣೇ.

ಭಾವ ನಿಟ್ಟೂರಿಂದ ನಿನ್ನನ್ನ ಕಾರಲ್ಲಿ ಮಲಗಿಸ್ಕೊಂಡು ತುಮಕೂರಿಗೆ ಹೊರಟಾಗ ನಾನು ಇಲ್ಲೇ ಕುಣಿಗಲ್ ಆಸ್ಪತ್ರೇಲಿ ನರ್ಸ್ ಡ್ಯೂಟಿ ಮಾಡ್ತಿದ್ದೆ. ಜ್ವರಕ್ಕೆ ನಿನ್ನ ಮಾತು ನಿಂತೋಗಿತ್ತು. ಪೆನಿಸಿಲಿನ್ ನಿನ್ನ ಮೈಗೆ ಆಗಲ್ಲ ಅಂತ ಗುಬ್ಬಿ ಡಾಕ್ಟರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಪಾಪ, ಭಾವನಿಗೆ ಗೊತ್ತಿರಲಿಲ್ಲ. ತುಮಕೂರಿನ ಡಾಕ್ಟರಿಗೆ ಯಾರು ಹೇಳ್ಬೇಕಿತ್ತು? ಅದೇ ಸೂಜಿ ಹಾಕಿದ್ರು. ನಾನು ಬಂದು ಸೇರೋ ಹೊತ್ತಿಗೆ...

ಆಮೇಲೆ ನಮ್ಮಲ್ಲಿಗೆ ಕಂಪ್ಯೂಟರ್ ಬಂತು. ಒಂದು ಆಸ್ಪತ್ರೇಲಿ ಬರೆದಿದ್ದು ಜಿಲ್ಲೆಯಲ್ಲೆಲ್ಲಾ ಕಾಣುತ್ತೆ ಅಂದ್ರು. ಅವತ್ತು ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ. ರೋಗಿ ವಿವರ ತುಂಬೋ ಫಾರಂ ತೆಗೆದು ನೋಡಿದ್ರೆ ಜಾತಿ, ರೇಷನ್ ಕಾರ್ಡು, ಫೋಟೊ, ಓಟಿಪಿ ಎಲ್ಲ ಕಡ್ಡಾಯ, ತುಂಬದಿದ್ರೆ ಮುಂದಕ್ಕೇ ಹೋಗಲ್ಲ. ಅಲರ್ಜಿ ಮಾತ್ರ ಕೊನೇ ಪುಟದ ತಳದಲ್ಲಿ, 'ಇತರೆ' ಅನ್ನೋದರೊಳಗೆ. ಖಾಲಿ ಬಿಟ್ರೂ ನಡೆಯುತ್ತೆ, ಚೀಟಿಯಲ್ಲಿ ಪ್ರಿಂಟೂ ಆಗಲ್ಲ. ಟ್ರೈನಿಂಗ್ ಕೊಡೋರನ್ನ ಕೇಳಿದ್ರೆ, ಅದು ಆಪ್ಷನಲ್, ತಲೆ ಕೆಡಿಸ್ಕೋಬೇಡಿ ಅಂದ್ರು. ಇದಕ್ಕಲ್ಲದೆ ಇನ್ಯಾತಕ್ಕೆ ತಲೆ ಕೆಡಿಸ್ಕೊಳ್ಳೋದು?

ಲಕ್ಷ್ಮಮ್ಮ ಅಂತ ಒಬ್ಬಳು ಕಾಲು ಗಾಯಕ್ಕೆ ಬರ್ತಿದ್ಲು. ಅವಳಿಗೂ ನಿನ್ನದೇ ತೊಂದರೆ. ಹೆಸರು ಹೆಂಗಿದ್ರೂ ಪ್ರತಿ ಚೀಟಿಯಲ್ಲೂ ಪ್ರಿಂಟ್ ಆಗ್ಬೇಕಲ್ವಾ, ಹೆಸರಿನ ಜಾಗದಲ್ಲೇ 'ಲಕ್ಷ್ಮಮ್ಮ ಪೆನಿಸಿಲಿನ್ ಕೊಡಬೇಡಿ' ಅಂತ ಹೊಡೆದೆ. ಗಾಯ ಕೀವಾಗಿ, ಎಚ್ಚರ ತಪ್ಪಿ ಅವಳನ್ನ ತುಮಕೂರಿಗೆ ಸಾಗಿಸ್ಬೇಕಾಯ್ತು. ಅಲ್ಲಿನ ಡಾಕ್ಟರು ಚೀಟಿ ಓದಿ ಬೇರೆ ಔಷಧಿ ಹಾಕಿದ್ರು. ಬದುಕಿದ್ಲು ಅಕ್ಕ. ಗಂಡನ ಭುಜ ಹಿಡ್ಕೊಂಡು ನಡ್ಕೊಂಡೇ ಮನೆಗೆ ಹೋದ್ಲು.

ನನಗೇನು ಸಿಕ್ತು ಗೊತ್ತಾ? ನೋಟಿಸು. ರೋಗಿ ಹೆಸರಿನ ಕಾಲಂ ಕೆಡಿಸಿದೀನಂತೆ, ಆಧಾರಿಗೆ ಮ್ಯಾಚ್ ಆಗ್ತಿಲ್ವಂತೆ. ತುಮಕೂರಿನ ಆಫೀಸಿಗೆ ಕರೆಸಿ, ನಿಮ್ಮಂಥವರಿಂದಲೇ ಡೇಟಾ ಹಾಳಾಗೋದು ಅಂತ ಸಾಹೇಬರು ಬೈದ್ರು. ಕೈ ಕಟ್ಟಿ ನಿಂತಿದ್ದೆ. ಆಮೇಲೆ ತಡೀಲಿಲ್ಲ.

"ಸಾರ್, ನಮ್ಮಕ್ಕನ ಹೆಸರಿನ ಪಕ್ಕ ಯಾರಾದ್ರೂ ಇಷ್ಟು ಬರೆದಿದ್ರೆ ಇವತ್ತು ಇರ್ತಿದ್ಲು" ಅಂದೆ.

ಅವರು ಕನ್ನಡಕ ತೆಗೆದು ಕೂತ್ರು. ಎದುರಿನ ಕುರ್ಚಿ ತೋರಿಸಿ, "ಕೂತ್ಕೊಳ್ಳಿ, ಆ ಅಲರ್ಜಿ ಕಾಲಂ ಎಲ್ಲಿ ಬರ್ಬೇಕು ಹೇಳಿ" ಅಂದ್ರು.

ಆಮೇಲೆ ಕಂಪ್ಯೂಟರಿಗೆ ಹೊಸ ವರ್ಷನ್ ಬಂತು. ಅಲರ್ಜಿ ಮೊದಲನೇ ಪುಟಕ್ಕೇ ಬಂದಿದೆ, ಚೀಟಿಯಲ್ಲಿ ದಪ್ಪಗೆ ಪ್ರಿಂಟ್ ಆಗುತ್ತೆ. ಆದ್ರೆ 'ಇಲ್ಲ' ಅಂತ ಅದೇ ಮೊದಲೇ ಟಿಕ್ ಹಾಕ್ಕೊಂಡು ಕೂತಿರುತ್ತೆ ಕಣೇ! ರೋಗೀನ ಕೇಳೋಕೆ ಮುಂಚೆ ಅದಕ್ಕೆ ಹೆಂಗೆ ಗೊತ್ತಾಯ್ತು? ಇಂಥ ಬುದ್ಧಿವಂತರನ್ನ ಏನು ಮಾಡೋದು ಹೇಳು. ಸೋಮವಾರ ಮತ್ತೆ ಆಫೀಸಿಗೆ ಹೋಗ್ತಿದೀನಿ. ಆ ಟಿಕ್ ತೆಗೆಸೋವರೆಗೂ ಬಿಡಲ್ಲ.

ಇನ್ನೊಂದು ವಿಷಯ. ನಿನ್ನ ಮಗಳು ಕಾವ್ಯ ಈಗ ತುಮಕೂರಿನ ಶೆಟ್ಟಿಹಳ್ಳೀಲಿ ರೂಮ್ ಮಾಡ್ಕೊಂಡು ಓದ್ತಿದಾಳೆ. ಹೋದ ವಾರ ಜ್ವರ ಅಂತ ಒಬ್ಬಳೇ ಆಸ್ಪತ್ರೆಗೆ ಹೋಗಿದ್ಲು. ಆಚೆ ಬಂದವಳೇ ನನಗೆ ಫೋನ್ ಮಾಡಿದ್ಲು.

"ಚಿಕ್ಕಮ್ಮಾ," ಅಂದ್ಲು, "ಸೂಜಿ ಹಾಕೋಕೆ ಮುಂಚೆ, ಯಾವ್ದಾದ್ರೂ ಔಷಧಿ ಮೈಗೆ ಆಗಲ್ವಾ ಅಂತ ನನ್ನ ಕೇಳಿದ್ರು."

ನಿನ್ನ ತಂಗಿ