ಆರು ಗಂಟೆಯ ಮಾತ್ರೆ

ಮಾರ್ಚ್ 9, ಸೋಮವಾರ. ಬೆಳಿಗ್ಗೆ 6.10

ಆರಕ್ಕೆ ಸರಿಯಾಗಿ ನುಂಗಿದೆ. ಆರನೇ ದಿನ. ಆಸ್ಪತ್ರೆಯವರು ಕೊಟ್ಟ ಪುಸ್ತಕದಲ್ಲಿ ಬರೆದೆ — 6.00, ಖಾಲಿ ಹೊಟ್ಟೆ, ಒಂದು ಲೋಟ ನೀರು, ಸಹಿ. ಆ ಪುಸ್ತಕ ಅವರಿಗೆ. ಇದು ಯಾರಿಗೂ ಅಲ್ಲ.

ಮಾತ್ರೆಗೆ ಹೆಸರಿಲ್ಲ, ನಂಬರ್ ಮಾತ್ರ. ಇನ್ನೂ ಪರೀಕ್ಷೆಯಲ್ಲಿದೆ. ಪರೀಕ್ಷಿಸುತ್ತಿರುವುದು ನಮ್ಮ ಮೇಲೆ — ಈ ರಕ್ತದ ಕ್ಯಾನ್ಸರ್ ಹೊಸದಾಗಿ ಗೊತ್ತಾದ ಹನ್ನೆರಡು ಜನರ ಮೇಲೆ. ಡಾಕ್ಟರು ಅಂದರು, "ನಿಮ್ಮ ಕಣಗಳ ಒಳಗೆ ಒಂದು ಸ್ವಿಚ್ಚು ಆನ್ ಆಗಿಯೇ ಉಳಿದುಬಿಟ್ಟಿದೆ. ಅದಕ್ಕೇ ಬಿಳಿ ಕಣ ಹುಟ್ತಾನೇ ಇವೆ. ಈ ಮಾತ್ರೆ ಆ ಸ್ವಿಚ್ಚಿನ ಸಂದಿಗೇ ಹೋಗಿ ಕೂರುತ್ತೆ. ಬೇರೆ ಎಲ್ಲೂ ಕೈ ಹಾಕಲ್ಲ ಅಂತ ನಂಬಿಕೆ. ಹಳೇ ಮಾತ್ರೆಗಳೂ ಇದನ್ನೇ ಮಾಡ್ತವೆ. ಇದು ಇನ್ನೂ ಬೇಗ ಮಾಡುತ್ತಾ ಅಂತ ನೋಡ್ಬೇಕು."

ನಿಯಮ: ಎರಡು ಗಂಟೆ ಮೊದಲು, ಒಂದು ಗಂಟೆ ನಂತರ ಏನೂ ತಿನ್ನಬಾರದು. ಹೊಟ್ಟೆಯಲ್ಲಿ ಆಹಾರವಿದ್ದರೆ ಔಷಧ ರಕ್ತಕ್ಕೆ ಹೆಚ್ಚು ಇಳಿದು ಎದೆಬಡಿತ ತಪ್ಪಬಹುದು. ಆರಕ್ಕೆ ಮೊದಲು ನುಂಗಬಾರದು; ಆರು ತಾಸಿಗಿಂತ ಹೆಚ್ಚು ತಡವಾದರೆ, ಅಂದರೆ ಮಧ್ಯಾಹ್ನ ಹನ್ನೆರಡು ದಾಟಿದರೆ, ಆ ದಿನದ್ದು ಬಿಡಬೇಕು. ಮರುದಿನ ಎರಡು ನುಂಗಬಾರದು.

ಅಕ್ಕ ಎಂಟಕ್ಕೆ ತಿಂಡಿ ಬಡಿಸುತ್ತಾಳೆ. ಎಂಟೂವರೆಗೆ ಆಫೀಸಿಗೆ ಹೊರಡುತ್ತೇನೆ. ಎಲ್ಲ ಹೊಂದಿಕೊಂಡಿದೆ.

ಮಾರ್ಚ್ 18

ಎರಡನೇ ವಿಸಿಟ್. ರಕ್ತ, ಇಸಿಜಿ. ಟ್ರಯಲ್ ನರ್ಸ್ ಕೇಳಿದಳು, "ಮನೇಲಿ ಅಕ್ಕ ನೆನಪಿಸ್ತಾರಲ್ವಾ?"

"ಹೌದು."

ಮೊದಲ ದಿನ ಫಾರಂನಲ್ಲಿ 'ಮನೆಯಲ್ಲಿ ಯಾರಿಗೆ ತಿಳಿದಿದೆ' ಎಂಬಲ್ಲಿ 'ಅಕ್ಕ' ಎಂದು ಬರೆದಿದ್ದೆ. ಫೋನ್ ನಂಬರಿನಲ್ಲಿ ಒಂದು ಅಂಕಿ ಬದಲಾಯಿಸಿದೆ. ತೂಕ-ಅಳತೆ ಇಲಾಖೆಯ ಇಪ್ಪತ್ತಮೂರು ವರ್ಷದ ನೌಕರಿಯಲ್ಲಿ ಬೇಕೆಂದೇ ತಪ್ಪು ಅಂಕಿ ಬರೆದದ್ದು ಅದೇ ಮೊದಲು.

ಅಕ್ಕನಿಗೆ ಹೇಳುವುದು ಹೇಗೆ? ಅಣ್ಣನಿಗೂ ಇದೇ ಕಾಯಿಲೆ. ಇಪ್ಪತ್ತನಾಲ್ಕು ವರ್ಷದ ಹಿಂದೆ. ಮೂವತ್ತೊಂದು ವಯಸ್ಸು. ಈ ಮಾತ್ರೆಗಳು ಆಗ ನಮ್ಮ ಊರಿನ ತನಕ ಬಂದಿರಲಿಲ್ಲ. ಗುಲ್ಮ ಊದಿ ಹೊಟ್ಟೆಯನ್ನು ಒತ್ತುತ್ತಿತ್ತು, ನಾಲ್ಕು ತುತ್ತಿಗೇ ಸಾಕಾಗುತ್ತಿತ್ತು. ತಟ್ಟೆಯಲ್ಲಿ ಬಿಟ್ಟ ಅನ್ನವನ್ನು ಯಾರಿಗೂ ಕಾಣದಂತೆ ಸುರಿಯುತ್ತಿದ್ದ. ಗೊತ್ತಾಗುವ ಹೊತ್ತಿಗೆ ಕಾಯಿಲೆ ಕೈಮೀರಿತ್ತು. ಕೊನೆಯ ಹನ್ನೊಂದು ತಿಂಗಳು ಅವನ ಮೈ ಒರೆಸಿದವಳು ಅಕ್ಕ.

ಅಂದಿನಿಂದ ಅವಳು ಮುಖ ನೋಡುವುದಿಲ್ಲ. ತಟ್ಟೆ ನೋಡುತ್ತಾಳೆ.

ಮಾರ್ಚ್ 31

ಬಿಳಿ ಕಣ ಒಂದು ಲಕ್ಷ ಎಂಬತ್ತು ಸಾವಿರದಿಂದ ಒಂಬತ್ತು ಸಾವಿರಕ್ಕೆ. "ಇದು ಬರೀ ಎಣಿಕೆ" ಅಂದರು ಡಾಕ್ಟರು. "ಕೆಟ್ಟ ಜೀನು ಎಷ್ಟು ಉಳಿದಿದೆ ಅನ್ನೋದೇ ನಿಜವಾದ ಪರೀಕ್ಷೆ. ಮೂರು ತಿಂಗಳಿಗೆ ಅದು ನೂರಕ್ಕೆ ಹತ್ತರ ಒಳಗೆ ಬರ್ಬೇಕು."

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಪಕ್ಕಕ್ಕೆ ಒಬ್ಬ ಬಸ್ ಡ್ರೈವರ್. ಅವನೂ ಇದೇ ಮಾತ್ರೆ, ಇದೇ ಡೋಸ್. ನನ್ನ ಕೈಲಿದ್ದ ಕಾದಂಬರಿ ನೋಡಿ, "ಏನ್ ಪುಸ್ತಕ ಮೇಡಂ?" ಅಂದ.

"ಅನುವಾದ. ಎಲ್ಲೋ ಚಳಿ ದೇಶದ್ದು. ಒಬ್ಬಳು ದೋಣಿ ನಡೆಸುವವನ ಹೆಂಡತಿ."

"ದೋಣಿಗೆ ಕ್ಲಚ್ ಇಲ್ಲ ಬಿಡಿ, ಪುಣ್ಯವಂತ" ಅಂದು ಮೀನಖಂಡ ಹಿಸುಕಿಕೊಂಡ. ಮಾತ್ರೆಯಿಂದ ಕಾಲು ಸೆಟೆಯುತ್ತದಂತೆ. ನನಗೆ ಕಣ್ಣಿನ ಕೆಳಗೆ ಊತ, ಅಷ್ಟೇ.

ನನಗೆ ಅನುವಾದಗಳೇ ಇಷ್ಟ. ದೂರದವರ ಗುಟ್ಟು ಗೊತ್ತಾದರೆ ಯಾರೂ ನಮ್ಮನ್ನು ತಿರುಗಿ ಕೇಳುವುದಿಲ್ಲ.

ಏಪ್ರಿಲ್ 4, ಶನಿವಾರ

ಅಕ್ಕ ಹೊಲಿಗೆ ಯಂತ್ರದ ಮುಂದೆ ನನ್ನ ರವಿಕೆ ಹಿಡಿದು ಕೂತಿದ್ದಳು. ಊರಿನ ಅರ್ಧ ಹೆಂಗಸರ ಅಳತೆ ಅವಳ ಬಾಯಲ್ಲೇ ಇದೆ.

"ಏನೇ ಪುಟ್ಟಿ, ಕಂಕುಳಲ್ಲಿ ಎರಡು ಬೆರಳು ಒಳಗೆ ಹಿಡಿದೆ. ಹೋದ ವರ್ಷ ಬಿಚ್ಚಿ ಕೊಟ್ಟಿದ್ದೆ. ಎಲ್ಲಿಗೆ ಹೋಯ್ತು ಮೈ?"

"ಬಿಸಿಲು."

"ಬಿಸಿಲಿಗೆ ಕರಗೋಕೆ ನೀನೇನು ಬೆಣ್ಣೆಯಾ?"

ನಲವತ್ತೇಳು ವರ್ಷ ನನಗೆ. ಪುಟ್ಟಿ.

ಏಪ್ರಿಲ್ 6, ಸೋಮವಾರ

ಐದೂವರೆಗೆ ಎಬ್ಬಿಸಿದಳು. ಕೈಯಲ್ಲಿ ಬಿಸಿ ಹಾಲು, ಬಾದಾಮಿ ಅರೆದು ಹಾಕಿದ್ದು. ಹಾಸಿಗೆಯ ತುದಿಯಲ್ಲಿ ಕೂತಳು.

"ಆಮೇಲೆ ಕುಡೀತೀನಿ ಅಕ್ಕ."

"ಆಮೇಲೆ ಅನ್ನೋದು ನಮ್ಮನೇಲಿ ಒಬ್ಬ ಹೇಳ್ತಿದ್ದ."

ಕುಡಿದೆ. ತಳ ಕಾಣುವವರೆಗೂ ಕೂತಿದ್ದಳು.

ಲೆಕ್ಕ ಹಾಕಿದೆ. ಐದೂವರೆಗೆ ಹಾಲು — ಏಳೂವರೆವರೆಗೆ ಮಾತ್ರೆ ಇಲ್ಲ. ಏಳೂವರೆಗೆ ನುಂಗಿದರೆ ಎಂಟೂವರೆವರೆಗೆ ತಿಂಡಿ ಇಲ್ಲ. ಎಂಟಕ್ಕೆ ತಟ್ಟೆ ಬರುತ್ತದೆ. ತಿಂಡಿಯ ನಂತರ ಹತ್ತರವರೆಗೆ ಇಲ್ಲ. ಒಂಬತ್ತರಿಂದ ಒಂದರವರೆಗೆ ತೂಕದ ಕೋಣೆಯಲ್ಲಿ ಇರುತ್ತೇನೆ. ರಾಜ್ಯದ ಮೂಲ ತೂಕಗಳು ಅಲ್ಲಿವೆ, ಗಾಜಿನೊಳಗೆ. ಕೈಗವಸು ಹಾಕಿ ಒಳಗೆ ಹೋದರೆ ಮುಗಿಯುವವರೆಗೆ ಬಾಗಿಲು ತೆರೆಯುವಂತಿಲ್ಲ. ಮೈಯ ಶಾಖಕ್ಕೇ ತಕ್ಕಡಿ ಅಲುಗುತ್ತದೆ. ನೀರಿಲ್ಲ, ಚೀಲವಿಲ್ಲ, ಮಾತ್ರೆಯಿಲ್ಲ. ಹೊರಗೆ ಬರುವಾಗ ಒಂದು. ಗಡುವು ಹನ್ನೆರಡಕ್ಕೇ ಮುಗಿದಿರುತ್ತದೆ.

ನಿಯಮದ ಪ್ರಕಾರ ಬಿಟ್ಟೆ.

ಆಸ್ಪತ್ರೆಯ ಪುಸ್ತಕದಲ್ಲಿ 'ತಪ್ಪಿದ್ದರೆ ಕಾರಣ' ಎಂಬ ಕಾಲಂ. ಹಾಲು ಎಂದು ಬರೆಯಬೇಕು. ಅಕ್ಕನಿಗೆ ಗೊತ್ತಿದೆಯಲ್ಲ, ಮತ್ತೇಕೆ ಹಾಲು ಕೊಟ್ಟರು ಎಂದು ನರ್ಸ್ ಕೇಳುತ್ತಾಳೆ.

6.00 ಎಂದು ಬರೆದೆ.

ಮಾತ್ರೆಯನ್ನು ಎಸೆಯಲು ಆಗಲಿಲ್ಲ. ಆಫೀಸಿನಲ್ಲಿ ರದ್ದಾದ ತೂಕಗಳ ಮರದ ಪೆಟ್ಟಿಗೆ ಕಪಾಟಿನಲ್ಲಿದೆ. ಒಳಗೆ ಮಖಮಲ್ಲು, ಗುಂಡಗಿನ ಗುಳಿಗಳು, ತೂಕವಿಲ್ಲ. ಐವತ್ತು ಗ್ರಾಮಿನ ಗುಳಿಯಲ್ಲಿ ಇಟ್ಟೆ.

ಏಪ್ರಿಲ್ 12, ಭಾನುವಾರ

ರಜೆ. ತಿಂಡಿ ಒಂಬತ್ತಕ್ಕೆ. ಏಳೂವರೆಗೆ ನುಂಗಿದೆ. ವಾರದಲ್ಲಿ ಇದೊಂದು ಕಿಟಕಿ.

ಏಪ್ರಿಲ್ 30

ಪೆಟ್ಟಿಗೆಯಲ್ಲಿ ಇಪ್ಪತ್ತೆರಡು.

ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತೇನೆ. ಬೆಳಿಗ್ಗೆ ಅವಳು ಹಾಸಿಗೆಯ ತುದಿಯಲ್ಲಿ ಕೂರುತ್ತಾಳೆ. ಕೂತಾಗ ಮಂಚ ಅವಳ ಕಡೆ ಒಂದಿಷ್ಟು ವಾಲುತ್ತದೆ. "ಬಾಯಿ ಮುಚ್ಕೊಂಡು ಕುಡಿಯೋಕಾಗಲ್ಲ, ಗೊತ್ತು. ಮಾತು ಮುಚ್ಕೊಂಡು ಕುಡಿ." ಕುಡಿಯುತ್ತೇನೆ.

ಮೇ 6

ಎರಡು ಕಿಲೋದ ತೂಕವೊಂದು ಪರೀಕ್ಷೆಗೆ ಬಂತು. ಕಾಗದಪತ್ರ ಸರಿ, ಸೀಲು ಸರಿ. ಒಂದೂವರೆ ಗ್ರಾಂ ಕಡಿಮೆ. ತಿರಸ್ಕರಿಸಿದೆ.

ಸಾಹೇಬರು, "ಒಂದೂವರೆ ಗ್ರಾಂಗೆ ಯಾರ ಮನೆ ಮುಳುಗುತ್ತೆ?" ಅಂದರು.

"ಇದನ್ನ ಇಟ್ಕೊಂಡು ಇನ್ನೂರು ಅಂಗಡಿ ತೂಕ ಸರಿಮಾಡ್ತಾರೆ ಸರ್. ಇದೊಂದು ಸುಳ್ಳಾದ್ರೆ ಆ ಇನ್ನೂರೂ ಸುಳ್ಳು."

ಹೇಳಿಬಿಟ್ಟೆ. ಆಮೇಲೆ ತೂಕದ ಕೋಣೆಗೆ ಹೋಗಿ ಮುಂದಿನ ತೂಕ ಇಟ್ಟೆ. ತಕ್ಕಡಿ ಅಲುಗುತ್ತಲೇ ಇತ್ತು.

ಮೇ 18, ಸೋಮವಾರ

ಅಕ್ಕ ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ, ಶನಿವಾರ ಸಂಜೆ ಬರುತ್ತಾಳೆ. ಆರಕ್ಕೆ ನುಂಗಿದೆ. ಬರೆದದ್ದೂ ನಡೆದದ್ದೂ ಒಂದೇ. ಮನೆ ಎಷ್ಟು ದೊಡ್ಡದು.

ಎಂಟಕ್ಕೆ ಫೋನ್. "ತಿಂದ್ಯಾ?"

ಮೇ 24, ಭಾನುವಾರ

ಬಂದಿದ್ದಾಳೆ. ಬಾದಾಮಿ ಒಂದು ಕಿಲೋ ತಂದಿದ್ದಾಳೆ.

ಜೂನ್ 2, ಮಂಗಳವಾರ

ಮೂರು ತಿಂಗಳ ವಿಸಿಟ್. ನರ್ಸ್ ಬಾಟಲಿಯ ಮಾತ್ರೆಗಳನ್ನು ತಟ್ಟೆಗೆ ಸುರಿದು ಐದೈದಾಗಿ ಸರಿಸಿ ಎಣಿಸಿದಳು. ನನ್ನ ಪುಸ್ತಕದ ಜೊತೆ ತಾಳೆ ನೋಡಿದಳು. ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಬಂಗಾರದಂಥ ಪೇಷಂಟ್ ನೀವು. ಡ್ರೈವರ್ ಅಣ್ಣಂಗೆ ನಿಮ್ಮ ಪುಸ್ತಕ ತೋರಿಸ್ಬೇಕು."

ಡ್ರೈವರನದು ಐದು ದಿನ ತಪ್ಪಿದೆ. ಐದಕ್ಕೂ ಕಾರಣ ಬರೆದಿದ್ದಾನೆ. 'ನೈಟ್ ಡ್ಯೂಟಿ, ನಿದ್ದೆ.' 'ಮರೆತೆ.' 'ಮರೆತೆ.' 'ಹೆಂಡತಿ ಜೊತೆ ಜಗಳ, ಊಟ ತಡ.' 'ಮರೆತೆ, ಕ್ಷಮಿಸಿ.'

ನನ್ನ ಪೆಟ್ಟಿಗೆಯಲ್ಲಿ ನಲವತ್ತಮೂರು.

ಜೂನ್ 12, ಶುಕ್ರವಾರ. ಸಂಜೆ

ರಿಪೋರ್ಟ್ ಬಂತು. ಕೆಟ್ಟ ಜೀನು ನೂರಕ್ಕೆ ಹದಿನಾಲ್ಕು. ಹತ್ತರ ಒಳಗೆ ಬರಬೇಕಿತ್ತು.

ಡಾಕ್ಟರು ನನ್ನ ಪುಸ್ತಕ ತಿರುವುತ್ತ ಕೂತರು. ಪ್ರತಿ ಸಾಲೂ 6.00. "ನೀವು ಒಂದು ದಿನವೂ ತಪ್ಪಿಸಿಲ್ಲ. ಹಾಗಾದ್ರೆ ತಪ್ಪು ಮಾತ್ರೆದು" ಅಂದರು. ನನಗೇ ಸಮಾಧಾನ ಹೇಳುವವರ ಹಾಗೆ. ಮಾತ್ರೆ ಕೂರುವ ಆ ಸಂದಿಯೇ ಬದಲಾಗಿದೆಯೋ ಏನೋ, ಅದಕ್ಕೆ ಇನ್ನೊಂದು ಪರೀಕ್ಷೆ. ಮಂಗಳವಾರ ಬರಬೇಕು. ಅಂದೇ ಅವರ ಸಮಿತಿ ಸೇರುತ್ತದೆ.

"ಈ ಡೋಸ್‌ನಲ್ಲಿ ಇನ್ನೊಬ್ಬರಿಗೂ ಇಳಿದಿಲ್ಲ. ನಿಮ್ಮದೂ ಸೇರಿದ್ರೆ, ಡೋಸ್ ಸಾಲದು ಅಂತಲೇ ಅರ್ಥ. ಎಲ್ಲರಿಗೂ ಏರಿಸ್ಬೇಕಾಗುತ್ತೆ."

ಬಾಯಿ ತೆರೆದೆ. "ಸರಿ" ಅಂದೆ.

ಹೊರಗೆ ಡ್ರೈವರ್ ಕಾಯುತ್ತಿದ್ದ. ಅವನದು ಮೂರು. ಕುಣಿಯಬೇಕಿತ್ತು, ಕುಣಿಯಲಿಲ್ಲ.

"ಏರಿಸ್ತಾರಂತೆ ಮೇಡಂ. ಈಗಲೇ ಕಾಲು ಕೊರಡು. ಇನ್ನೂ ಹೆಚ್ಚಾದ್ರೆ ಕ್ಲಚ್ ಒತ್ತೋಕಾಗಲ್ಲ. ಡಿಪೋದಲ್ಲಿ ಕೂರಿಸಿ ಟಿಕೆಟ್ ಕಟ್ಟು ಎಣಿಸು ಅಂತಾರೆ." ಮೀನಖಂಡ ಒತ್ತಿಕೊಳ್ಳುತ್ತ ಕೇಳಿದ, "ನಿಮ್ದು ಎಷ್ಟು?"

ಹೇಳಿದೆ.

"ಛೆ. ನಿಮ್ಮಂಥವರಿಗೇ ಹೀಗಾದ್ರೆ..." ಅಂದು ತನ್ನ ಬ್ಯಾಗಿನಿಂದ ಬಾಳೆಹಣ್ಣು ತೆಗೆದು ಕೊಟ್ಟ. "ತಿನ್ನಿ. ಹೊತ್ತಾಗಿದೆ, ನಿಯಮ ಏನೂ ಇಲ್ಲ ಈಗ."

ಸಿಪ್ಪೆ ಹಿಡಿದುಕೊಂಡು ಎರಡು ಬಸ್ ಬಿಟ್ಟೆ.

ಜೂನ್ 13

ಬರೆಯಲು ಏನೂ ಇಲ್ಲ. ಹಾಲು.

ಜೂನ್ 14, ಭಾನುವಾರ

ಡಾಕ್ಟರಿಗೆ ಮಾತ್ರ ಹೇಳಿದರೆ? ಗುಟ್ಟಾಗಿ. ಕೂಡಿಟ್ಟ ಮಾತ್ರೆಗಳನ್ನೆಲ್ಲ ತಟ್ಟೆಗೆ ಸುರಿದು. ಆಮೇಲೆ ಮರುದಿನ ಬೆಳಿಗ್ಗೆ ಐದೂವರೆಗೆ ಮತ್ತೆ ಹಾಲು. ಮತ್ತೆ ಅದೇ.

ಟೈಮ್ ಬದಲಾಯಿಸಿ ಎಂದು ಕೇಳಬಹುದಿತ್ತು. ಮೊದಲ ವಾರವೇ. ಒಂದು ವಾಕ್ಯ ಸಾಕಿತ್ತು. ಯಾಕೆ ಎಂದು ಕೇಳುತ್ತಿದ್ದರು. ಆ 'ಯಾಕೆ'ಗೆ ಹೆದರಿ ಇಷ್ಟು ದೂರ ಬಂದೆ.

ಕಾದಂಬರಿ ಇನ್ನೂ ನೂರಾ ಹನ್ನೆರಡನೇ ಪುಟದಲ್ಲಿದೆ. ದೋಣಿ ಮೂರು ತಿಂಗಳಿಂದ ನಡುನೀರಲ್ಲಿ.

ಜೂನ್ 15, ಸೋಮವಾರ. ಸಂಜೆ 7

ಅಕ್ಕ ಕಾಜ ಹೊಲಿಯುತ್ತಿದ್ದಳು. ಎದುರಿಗೆ ಕೂತು ದಾರ ಪೋಣಿಸಿಕೊಟ್ಟೆ. ಅವಳ ಕಣ್ಣಿಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲ.

ಕೇಳಿದೆ. ಹೇಗೆ ಕೇಳಿದೆನೋ. "ಅಣ್ಣ ಮೊದಲೇ ಹೇಳಿದ್ರೆ ಏನ್ ಮಾಡ್ತಿದ್ದೆ ಅಕ್ಕ?"

ಆ ಕಾಜ ಮುಗಿಸಿದಳು. "ಬೈತಿದ್ದೆ" ಅಂದಳು. "ಚೆನ್ನಾಗಿ ಬೈದು, ಆಮೇಲೆ ಜೊತೇಲಿ ಹೋಗ್ತಿದ್ದೆ."

ಇನ್ನೊಂದು ಕಾಜ.

"ಸತ್ತಿದ್ದಕ್ಕೆ ಕೋಪ ಇಲ್ಲ ಕಣೇ. ಅದು ಅವನ ಕೈಲಿರಲಿಲ್ಲ. ಆರು ತಿಂಗಳು ದಿನಾ ಅನ್ನ ಚೆಲ್ಲಿದನಲ್ಲ... ನಾನು ನನ್ನ ಅಡುಗೆ ಕೆಟ್ಟೋಯ್ತು ಅಂತ ಉಪ್ಪು ಖಾರ ಬದಲಾಯಿಸ್ತಾನೇ ಇದ್ದೆ. ಪೆದ್ದಿ ಥರ." ಹಲ್ಲಿನಲ್ಲಿ ದಾರ ಕಡಿದಳು. "ನನ್ನ ಕೈಯಲ್ಲಿ ಏನೋ ತಪ್ಪಿದೆ ಅಂತ ಅಂದ್ಕೊಳ್ಳೋ ಹಾಗೆ ಮಾಡಿದ."

ಏಳುವಾಗ ಕೇಳಿದಳು, "ಹಾಲಿಗೆ ಸಕ್ಕರೆ ಕಡಿಮೆ ಆಗ್ತಿದ್ಯಾ? ಮೈಗೆ ಹತ್ತುತಾನೇ ಇಲ್ಲ ನಿಂಗೆ."

ಜೂನ್ 16, ಮಂಗಳವಾರ. ಬೆಳಿಗ್ಗೆ 5.20

ಎದ್ದು ಕೂತಿದ್ದೇನೆ. ದೀಪ ಹಾಕಿದೆ. ನಿನ್ನೆ ಆಫೀಸಿನಿಂದ ತಂದ ಮರದ ಪೆಟ್ಟಿಗೆ ಮುಚ್ಚಳ ತೆರೆದು ಮೇಜಿನ ಮೇಲಿದೆ. ಎಲ್ಲ ಗುಳಿಗಳೂ ತುಂಬಿವೆ, ಈ ತಿಂಗಳದ್ದು ಕಾಗದದಲ್ಲಿ ಕಟ್ಟಿಟ್ಟಿದ್ದೇನೆ. ಪಕ್ಕದಲ್ಲಿ ಆಸ್ಪತ್ರೆಯ ಪುಸ್ತಕ. ಅದರಲ್ಲಿ ಇವತ್ತಿನ ಸಾಲು ಖಾಲಿ. ಬಾಟಲಿ. ಒಂದು ಲೋಟ ನೀರು. ಒಂಬತ್ತಕ್ಕೆ ಆಸ್ಪತ್ರೆಯಲ್ಲಿರಬೇಕು. ಇಬ್ಬರಿಗೆ ಆಟೋ ಹೇಳಿದ್ದೇನೆ.

ಅಡುಗೆಮನೆಯಲ್ಲಿ ಒಲೆ ಆರಿಸಿದ ಸದ್ದು. ಲೋಟದಲ್ಲಿ ಚಮಚ ತಿರುಗುತ್ತಿದೆ. ಸಕ್ಕರೆ ಹೆಚ್ಚು ಹಾಕಿರುತ್ತಾಳೆ.

ಬಾಯಿಗೆ ಬಾರದಿದ್ದರೆ ಓದಿಯಾದರೂ ಹೇಳಬಹುದು. ಅದಕ್ಕೆ ಇಲ್ಲಿ ಬರೆದಿಡುತ್ತಿದ್ದೇನೆ.

ಹೆಜ್ಜೆ.

ಅಕ್ಕ, ಈಗ ಹಾಲು ಬೇಡ. ನಿನ್ನ ಕೈಯಲ್ಲಿ ತಪ್ಪಿಲ್ಲ. ಅಣ್ಣನಿಗೆ ಬಂದದ್ದೇ ನನಗೂ