ತಳದ ರಾಡಿ

ಜುಲೈ ೮, ಮಂಗಳವಾರ. ಮನೋಳಿ.

ಬೆಳಿಗ್ಗೆ ನಾನಾಡಿದ ಮಾತು ಇನ್ನೂ ಬಾಯಲ್ಲಿ ಕಹಿಯಾಗಿ ಉಳಿದಿದೆ. ಹೊಳೆಗೆ ಹೊಸ ನೀರು ಬಂದು ನಲ್ಲಿಯಲ್ಲೂ ಕೆಂಪು ನೀರೇ. ಅತ್ತೆ ಅದನ್ನು ತಿಳಿಯಾಗಲೆಂದು ರಾತ್ರಿಯೆಲ್ಲ ಕೊಡದಲ್ಲಿ ಅಲುಗಾಡಿಸದೆ ಇಟ್ಟಿದ್ದರು. ಬಸ್ಸಿನ ಗಡಿಬಿಡಿಯಲ್ಲಿ ನಾನು ತಂಬಿಗೆಯನ್ನು ತಳದವರೆಗೂ ಮುಳುಗಿಸಿಬಿಟ್ಟೆ.

"ಎಲ್ಲಾ ರಾಡಿ ಎಬ್ಬಿಸಿದಿ ನೋಡು!"

"ನಿಮ್ಮ ಹೊಳಿ ನೀರ ನೀವ ಕುಡೀರಿ," ಎಂದವಳೇ ಉಣ್ಣದೆ ಸವದತ್ತಿಯ ಕಾಲೇಜಿಗೆ ಹೊರಟೆ.

ಇವತ್ತೇ 'ಸಿಟ್ಟಿಗೆಬ್ಬಿಸು' ಎಂಬರ್ಥದ ಇಂಗ್ಲಿಷ್ ಪದಗಳ ಪಾಠ ಬರಬೇಕೆ! 'ಅಗ್ರವೇಟ್' ಎಂದರೆ ಮೊದಲು ಭಾರ ಹೇರುವುದು ಎಂದು ಹೇಳಿದೆ. 'ರೈಲ್' (rile) ಎಂದಾಗ ಹುಡುಗರು ರೈಲುಗಾಡಿ ನೆನೆದು ನಕ್ಕರು. ಅದರ ಹಳೆಯ ಅರ್ಥ ನೀರು ಕದಡಿ ತಳದ ಕೆಸರು ಎಬ್ಬಿಸುವುದು, ಮನುಷ್ಯರ ಸಿಟ್ಟಿಗೆ ಬಳಸಿದ್ದು ಆಮೇಲೆ. ಪ್ರತಿ ವರ್ಷ ಹೇಳುವ ಪಾಠವೇ. ಇವತ್ತು ಹೇಳುತ್ತ ಹೇಳುತ್ತ ಅರ್ಧಕ್ಕೇ ಪುಸ್ತಕ ಮುಚ್ಚಿದೆ.

"ಯಾಕ್ರಿ ಮೇಡಮ್, ಆರಾಮ ಇಲ್ಲೇನ್ರಿ?" ಮುಂದಿನ ಬೆಂಚಿನ ಪ್ರಣಿತಾ ಕೇಳಿದಳು.

ಸಂಜೆ ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಂಬಿಗೆ ಕೈಗಿಟ್ಟರು. ತಳ ಕಾಣುವಷ್ಟು ತಿಳಿ ನೀರು. ದಿನವಿಡೀ ಕೊಡವನ್ನು ಯಾರಿಗೂ ಮುಟ್ಟಗೊಡದೆ, ಮೇಲಿನದನ್ನಷ್ಟೇ ನನಗೆಂದು ಬಸಿದಿಟ್ಟಿದ್ದರು.

"ಮದಲ ಕುಡಿ. ಆಮ್ಯಾಲ ಬೈತೇನಿ."

ಕುಡಿದೆ. ಬಯ್ಯಲಿ ಎಂದು ಪಕ್ಕದಲ್ಲೇ ಕುಳಿತೆ. ರೊಟ್ಟಿ ಬಡಿಸಿದರು, ಬೇಡವೆಂದರೂ ಮೇಲೆ ಬೆಣ್ಣೆ ಹಾಕಿದರು. ಬೈಗುಳ ಮಾತ್ರ ಬರಲೇ ಇಲ್ಲ. ಈಗ ಒಳಗಿನಿಂದ ಅವರ ಗೊರಕೆ ಕೇಳುತ್ತಿದೆ. ಆ ಬೈಗುಳ ಬಾಕಿಯೇ ಇರಲಿ ದೇವರೇ, ಅದನ್ನು ಬಯ್ಯಲಿಕ್ಕಾದರೂ ಅವರು ಇನ್ನೂ ಎಷ್ಟೋ ವರ್ಷ ನಮ್ಮೊಂದಿಗಿರಲಿ.